ಎಡಗವಲಿನ ಹಳದಿ

ಘೋಡಗೇರಿಯ ಚಹದಂಗಡಿಯ ಮುಂದೆ ನಿಂತಿದ್ದ ಸೈಕಲ್ಲುಗಳನ್ನು ಮಾಳು ಮೂರು ಸಲ ಎಣಿಸಿದ. ಮೂರು ಸಲವೂ ಇಪ್ಪತ್ತೆರಡೇ ಬಂದವು. ಬೆಳಿಗ್ಗೆ ಆರೂವರೆಗೆ ಧೂಪದಾಳದಿಂದ ಹೊರಟವರು ಇಪ್ಪತ್ಮೂರು ಮಂದಿ. ಎಲ್ಲರಿಗಿಂತ ಹಿಂದೆ ಬಂದವನು ಅವನು. ಅವನಿಗೆ ಕೊಟ್ಟ ಕೆಲಸವೇ ಅದು. ಪಂಕ್ಚರ್ ಆದವರಿಗೆ ಟ್ಯೂಬು ಹಾಕಿಕೊಡಬೇಕು, ಚೈನು ಹರಿದರೆ ಕೂಡಿಸಿಕೊಡಬೇಕು, ದಣಿದು ಕಲ್ಲಿನ ಮೇಲೆ ಕೂತವರನ್ನು ಎಬ್ಬಿಸಿಕೊಂಡು ಬರಬೇಕು. ಅವನ ಬೆನ್ನ ಹಿಂದೆ ಯಾರೂ ಉಳಿಯುವ ಹಾಗಿಲ್ಲ. ಅವನು ಬಂದು ಮುಟ್ಟಿದನೆಂದರೆ ಎಲ್ಲರೂ ಮುಟ್ಟಿದರೆಂದೇ ಅರ್ಥ. ಹಾಗಾದರೆ ಇನ್ನೊಬ್ಬರು ಎಲ್ಲಿ ಹೋದರು?

ಮಂಜು ಇನ್ನೂ ನೆಲ ಬಿಟ್ಟಿರಲಿಲ್ಲ. ಸವಾರರು ಚಹದ ಗ್ಲಾಸಿನಿಂದ ಕೈ ಕಾಸಿಕೊಳ್ಳುತ್ತ, ಯಾರ ಟೈರಿಗೆ ಎಷ್ಟು ಮುಳ್ಳು ನೆಟ್ಟವು ಎಂದು ಹೇಳಿಕೊಂಡು ನಗುತ್ತಿದ್ದರು. ಗೋಕಾಕ, ಹುಕ್ಕೇರಿ, ಮೂಡಲಗಿಗಳಿಂದ ಬಂದ ಡಾಕ್ಟರು, ಬ್ಯಾಂಕಿನವರು, ಕಾರ್ಖಾನೆಯ ಇಂಜಿನಿಯರುಗಳು. ಕೈತುಂಬ ಪಗಾರದ ಮಂದಿ. ಎಲ್ಲರದೂ ಗ್ರಾವೆಲ್ ಸೈಕಲ್, ಟಗರಿನ ಕೊಂಬಿನಂತೆ ಬಾಗಿದ ಹ್ಯಾಂಡಲ್ಲು, ಗರಸಿನ ಮೇಲೂ ಜಾರದ ದಪ್ಪ ಟೈರು. ಮಾಳು ಒಂದೊಂದೇ ಮುಖ ನೋಡುತ್ತ ಬಂದ. ಹೆಲ್ಮೆಟ್ಟು, ಮಫ್ಲರು, ಕಪ್ಪು ಕನ್ನಡಕ. ನೀಲಿ ಸೈಕಲ್ ಇರಲಿಲ್ಲ. ಆಮ್ರಪಾಲಿ ಮೇಡಂ ಇರಲಿಲ್ಲ.

ಅವನು ಬಂದ ದಾರಿಯ ಕಡೆ ಹೊರಳಿ ನೋಡಿದ.

ಆಮ್ರಪಾಲಿ ಮೇಡಂ ಅರಭಾವಿಯ ತೋಟಗಾರಿಕೆ ಕಾಲೇಜಿನಲ್ಲಿ ಮಣ್ಣಿನ ವಿಷಯ ಕಲಿಸುತ್ತಿದ್ದರು. ಮಾಳು ಕೆಲಸಕ್ಕಿದ್ದ ಗೋಕಾಕದ ಸೈಕಲ್ ಅಂಗಡಿಗೆ ತಿಂಗಳಿಗೊಮ್ಮೆ ಬರುತ್ತಿದ್ದರು. ಉಳಿದ ಗಿರಾಕಿಗಳು ಅವನನ್ನು ಏ ಹುಡುಗಾ ಎಂದೋ, ಚಿಟಿಕೆ ಹೊಡೆದೋ ಕರೆಯುತ್ತಿದ್ದಾಗ ಈಕೆ ಮಾಳು ಎಂದು ಕರೆದು, ಎಂಟನೇ ಇಯತ್ತೆಗೆ ಶಾಲೆ ಬಿಟ್ಟವನೆಂದು ಗೊತ್ತಿದ್ದೂ ಗೇರಿನ ಲೆಕ್ಕವನ್ನು ಅವನಿಂದಲೇ ಕೇಳಿ ತಿಳಿದುಕೊಳ್ಳುತ್ತಿದ್ದರು. ಆ ನೀಲಿ ಸೈಕಲ್ಲನ್ನು ಜೋಡಿಸಿಕೊಟ್ಟವನೂ ಅವನೇ.

ಹುಕ್ಕೇರಿಯ ವಿಶಾಲ ಎಂಬ ಸವಾರನನ್ನು ಕೇಳಿದ. ಜಾಲಿ ಕಂಟಿಯ ತಿರುವಿನವರೆಗೂ ಮೇಡಂ ತನ್ನ ಹಿಂದೆಯೇ ಇದ್ದರು, ಹಕ್ಕಿಯ ಫೋಟೋ ಹೊಡೆಯಲು ನಿಂತರು, ಆಮೇಲೆ ನೋಡಿಲ್ಲ ಎಂದು ವಿಶಾಲ ಹೇಳಿದ. ಹೇಳಿ, ಮಣ್ಣಿನ ಮೇಡಂ ಅಲ್ಲವೇ, ಯಾವುದೋ ಹೆಂಟೆ ನೋಡುತ್ತ ಕೂತಿರಬೇಕು ಎಂದು ನಕ್ಕ. ಮಾಳು ಮೇಡಮ್ಮಿಗೆ ಫೋನು ಹಚ್ಚಿದ. ಸಂಪರ್ಕಕ್ಕೆ ಸಿಗುತ್ತಿಲ್ಲ ಎಂದಿತು.

ಆಮೇಲೆ ಅಜಿತನಿಗೆ ಹಚ್ಚಿದ. ಅಂಗಡಿ ಅಜಿತನದು, ಈ ಸವಾರಿಯ ಏರ್ಪಾಡೂ ಅವನದೇ. ಅವನು ಧೂಪದಾಳದಲ್ಲಿ ಎರಡನೇ ತಂಡವನ್ನು ಹೊರಡಿಸುವ ಗಡಿಬಿಡಿಯಲ್ಲಿದ್ದ. ನಲವತ್ತು ಮಂದಿ, ಹೆಂಡಿರು ಮಕ್ಕಳು ಸಮೇತ, ಎಂಟೂವರೆಗೆ ಅದೇ ದಾರಿಯಲ್ಲಿ ಜಾಲಿ ಕಂಟಿಯ ತನಕ ಬಂದು, ಅಲ್ಲಿಂದ ಹಿನ್ನೀರಿನ ಏರಿ ಹತ್ತಿ ಹಕ್ಕಿ ನೋಡುವ ಗೋಪುರಕ್ಕೆ ಹೋಗುವವರು. ಮಾಳು ಹೇಳಿದ್ದನ್ನು ಅವನು ಪೂರ್ತಿ ಕೇಳಲೂ ಇಲ್ಲ.

"ಲೇ ಮಾಳ್ಯಾ, ಆಕಿ ದಣದು ಡಾಂಬರ್ ರಸ್ತೆ ಹಿಡದು ಮನಿಗಿ ಹೋಗಿರ್ತಾಳ. ಬಾಯಿ ಮಾಡಬ್ಯಾಡ. ಅರಣ್ಯದವರ ಪರವಾನಗಿ ಕಾಗದ ಇನ್ನೂ ಕೈಗಿ ಬಂದಿಲ್ಲ, ಗದ್ಲಾ ಆದ್ರ ಎಲ್ಲಾ ಬಂದ್ ಆಗ್ತೈತಿ."

"ಅಜಿತಣ್ಣ, ನಾ ಹೋಗಿ ನೋಡಿ ಬರೂತನಕ ಎರಡನೇ ಮಂದೀನ ಬಿಡಬ್ಯಾಡ್ರಿ."

"ಸಾಲಿ ಬಿಟ್ಟಾವಂಗ ದಾರಿಗಿ ಬಾಣಾ ಬರಿಯಾಕ ಹಚ್ಚಿದ್ದ ನಂದ ತಪ್ಪು. ಈಗ ನನಗ ಟೈಮೂ ನೀನ ಹೇಳ್ತಿ?"

ಫೋನು ಕಟ್ಟಾಯಿತು. ಬೇರೆ ದಿನವಾಗಿದ್ದರೆ ಮಾಳು ಆ ಮಾತಿಗೆ ಫೋನನ್ನು ನೆಲಕ್ಕೆ ಅಪ್ಪಳಿಸುತ್ತಿದ್ದ. ಅವನ ಸಿಟ್ಟು ಅಂಥದ್ದು. ಶಾಲೆ ಬಿಡಿಸಿದ್ದೂ ಅದೇ. ಮೈಯಿಂದ ಕುರಿಯ ವಾಸನೆ ಬರುತ್ತದೆ, ಹೊರಗೆ ಕೂಡು ಎಂದ ಮಾಸ್ತರರ ಮೇಲೆ ಪಾಟಿಚೀಲ ಎಸೆದು ಬಂದವನು ಮತ್ತೆ ಆ ಕಟ್ಟೆ ಹತ್ತಲಿಲ್ಲ. ಆದರೆ ಇವತ್ತು ಸಿಟ್ಟು ಬರಲಿಲ್ಲ. ಸಿಟ್ಟು ಇರಬೇಕಾದ ಜಾಗದಲ್ಲಿ ತಣ್ಣಗೆ ಇನ್ನೊಂದೇನೋ ಕೂತಿತ್ತು. ಅವನು ಸೈಕಲ್ ತಿರುಗಿಸಿ ಬಂದ ದಾರಿಯನ್ನೇ ಹಿಡಿದ.

ಎರಡೂ ಕಡೆ ಕಬ್ಬು. ನಡುವೆ ಒಂದು ಗಾಡಿ ಹಿಡಿಯುವಷ್ಟು ಗರಸಿನ ದಾರಿ. ಕಬ್ಬು ಮುಗಿದರೆ ಎಡಗೈ ಬಲಗೈಗೆ ಏನೂ ಇಲ್ಲ, ಬರೀ ಬಿಳಿ. ಆ ಬಿಳಿಯ ಆಚೆ ಅಣೆಕಟ್ಟೆಯ ಹಿನ್ನೀರು ಹಬ್ಬಿದೆ, ಚಳಿಗಾಲಕ್ಕೆ ಎಲ್ಲಿಂದಲೋ ಹಾರಿ ಬಂದ ಕೊಕ್ಕರೆಗಳು ಅದರ ನಡುಗಡ್ಡೆಗಳಲ್ಲಿ ನಿಂತಿವೆ ಎಂಬುದು ಗೊತ್ತಿದ್ದವರಿಗೆ ಗೊತ್ತು. ಕಾಣುತ್ತಿರಲಿಲ್ಲ. ಸದ್ದು ಮಾತ್ರ ಬರುತ್ತಿತ್ತು, ಒಣ ಕಟ್ಟಿಗೆಗೆ ಕಟ್ಟಿಗೆ ಬಡಿದಂತೆ. ಮಾಳು ನಾಲ್ಕೈದು ಸಲ ನಿಂತು ಕೂಗಿದ. ಕೂಗಿದಾಗಲೆಲ್ಲ ಆ ಸದ್ದು ನಿಂತು ಮತ್ತೆ ಶುರುವಾಗುತ್ತಿತ್ತು. ಮನುಷ್ಯರ ಉತ್ತರ ಬರಲಿಲ್ಲ.

ಪೆಡಲು ತುಳಿಯುತ್ತಲೇ ಅವನು ಜಾಲಿ ಕಂಟಿಯ ಕವಲನ್ನು ನೆನಪಿಗೆ ತಂದುಕೊಳ್ಳಲು ನೋಡಿದ. ಒಂದು ತಾಸಿನ ಹಿಂದಷ್ಟೇ ಅದನ್ನು ದಾಟಿ ಬಂದಿದ್ದ. ಕವಲಿನಲ್ಲಿ ಬಾಣ ಇತ್ತೇ? ಎಡಗಡೆ ಯಾರದಾದರೂ ಟೈರಿನ ಗುರುತು ಇತ್ತೇ? ಏನೂ ನೆನಪಾಗಲಿಲ್ಲ. ಕಣ್ಣು ಕಟ್ಟಿಕೊಂಡು ದಾಟಿದವನಂತೆ ಅಷ್ಟು ಜಾಗ ಖಾಲಿ ಇತ್ತು. ಯಾಕೆಂದೂ ಅವನಿಗೆ ಗೊತ್ತಿತ್ತು. ಆ ಹೊತ್ತಿಗೆ ಕಿವಿಗೆ ಸಿಗಿಸಿಕೊಂಡ ಫೋನಿನಲ್ಲಿ ಅಜಿತನ ಜೊತೆ ಜಗಳವಾಡುತ್ತಿದ್ದ. ಸುಣ್ಣ ಕೊಟ್ಟರೆ ಹಳದಿ ಯಾಕೆ ಹಾಕಿದೆ ಎಂದು ಅಜಿತ. ಕಾಣದ ಸುಣ್ಣ ಹಾಕಿ ಮಂದಿಯನ್ನು ಕೊಲ್ಲಲೇನು ಎಂದು ಇವನು.

ದಾರಿಗೆ ಗುರುತು ಹಾಕಿದವನು ಮಾಳು. ಅಪ್ಪ ಸತ್ತೆಪ್ಪನ ಕುರಿಗಳ ಹಿಂದೆ ಅಲೆದು ಬೆಳೆದವನಿಗೆ ಹಿನ್ನೀರಿನ ಸುತ್ತಲಿನ ಒಂದೊಂದು ಕಾಲ್ದಾರಿಯೂ ಅಂಗೈಯ ಗೆರೆ. ಶನಿವಾರ ಸಂಜೆ ಅಜಿತ ಕೊಟ್ಟ ಸುಣ್ಣದ ಪುಡಿ ಹಿಡಿದು ಹೊರಟ. ಆ ಭಾಗದ ನೆಲ ಸವಳು, ಗರಸೂ ಬೆಳ್ಳಗೆ. ಸುಣ್ಣದ ಬಾಣ ಎರಡು ಮಾರು ದೂರದಿಂದ ಕಾಣುತ್ತಿರಲಿಲ್ಲ. ಘಟಪ್ರಭಾದ ಪೇಟೆಗೆ ಹೋಗಿ ಹಳದಿ ರಂಗೋಲಿ ಪುಡಿ ತಂದ. ಕವಲಿದ್ದಲ್ಲಿ ಒಂದು ಬಾಣ ಬರೆದ. ಮುಂದೆ, ದಾರಿ ತಪ್ಪಿಲ್ಲ ಎಂದು ಸವಾರರಿಗೆ ಧೈರ್ಯವಾಗಲಿ ಎಂದು, ನೂರು ಹೆಜ್ಜೆಗೊಂದು ಹಿಡಿ ಹಳದಿ ಚೆಲ್ಲುತ್ತ ಹೋದ. ಯಾವ ಬಣ್ಣ ಎಂದು ವಿಚಾರ ಮಾಡಿದ್ದೇ ಇಲ್ಲ. ನೆಲದ ಮೇಲೆ ಎದ್ದು ಕಾಣುವ ಬಣ್ಣ ಎಂದರೆ ಅವನಿಗೆ ಹುಟ್ಟಿದಾಗಿನಿಂದ ಹಳದಿ. ಬೆಳಿಗ್ಗೆ ಎಲ್ಲರನ್ನೂ ನಿಲ್ಲಿಸಿ ಅವನೇ ಹೇಳಿದ್ದ: ಹಳದಿ ಕಂಡಲ್ಲಿ ಹೋಗ್ರಿ, ಹಳದಿ ಕಾಣಲಿಲ್ಲಂದ್ರ ನಿಂತಬಿಡ್ರಿ.

ಕವಲು ಬಂತು. ಮಾಳು ಇಳಿದ.

ಬಾಣ ಇರಲಿಲ್ಲ. ಬಾಣ ಇದ್ದ ಜಾಗದ ತುಂಬ ಕುರಿಗಳ ಗೊರಸು ಮೂಡಿದ್ದವು, ಹಿಕ್ಕೆ ಬಿದ್ದಿದ್ದವು. ನಸುಕಿನಲ್ಲಿ ಒಂದು ದೊಡ್ಡ ಹಿಂಡೇ ಅಡ್ಡ ದಾಟಿದೆ. ಪುಡಿಯೆಲ್ಲ ಗೊರಸಿಗೆ ಹತ್ತಿ ಹೋಗಿದೆ. ಬಲಕ್ಕೆ ಏರಿಯ ದಾರಿ. ಅದರಲ್ಲಿ ಇವನ ಮೊದಲ ಹಿಡಿ ಇರುವುದು ನೂರು ಹೆಜ್ಜೆ ದಾಟಿದ ಮೇಲೆ, ಮಂಜಿನ ಆಚೆ. ಎಡಕ್ಕೆ ನೀರಿನ ಕಡೆ ಇಳಿಯುವ ಕಾಲ್ದಾರಿ. ಅದರ ಬಾಯಲ್ಲೇ ಒಂದು ಹಿಡಿ ಹಳದಿ ಚೆಲ್ಲಿತ್ತು. ಹತ್ತು ಹೆಜ್ಜೆಗೆ ಇನ್ನೊಂದು. ಅದರಾಚೆ ಮತ್ತೊಂದು.

ಅದನ್ನು ಅವನು ಚೆಲ್ಲಿರಲಿಲ್ಲ.

ಮೊಣಕಾಲೂರಿ ಬೆರಳಿನಿಂದ ಮುಟ್ಟಿ ಮೂಗಿಗೆ ಹಿಡಿದ. ರಂಗೋಲಿ ಪುಡಿಗೆ ವಾಸನೆ ಇರುವುದಿಲ್ಲ. ಇದಕ್ಕಿತ್ತು. ಅವನು ತೊಟ್ಟಿಲಲ್ಲಿದ್ದಾಗಿನಿಂದ ಹಣೆಗೆ ಹಚ್ಚಿಸಿಕೊಂಡು ಬಂದ ಅರಿಷಿಣದ ವಾಸನೆ. ಭಂಡಾರ. ಇವತ್ತು ಅಮವಾಸ್ಯೆ. ಬೀರಪ್ಪ ದೇವರು ಹೊಳೆಗೆ ಹೋಗುವ ದಿನ. ನಸುಕಿನಲ್ಲೇ ಪಲ್ಲಕ್ಕಿ ಹೊತ್ತು, ಡೊಳ್ಳು ಬಾರಿಸುತ್ತ, ದೊಡ್ಡಪ್ಪ ಬೀರಸಿದ್ದಪ್ಪ ಹತ್ತು ಹೆಜ್ಜೆಗೊಮ್ಮೆ ಭಂಡಾರ ಹಾರಿಸುತ್ತ, ಹಟ್ಟಿಯ ಮಂದಿ ಇದೇ ದಾರಿಯಲ್ಲಿ ನೀರಿಗೆ ಇಳಿಯುತ್ತಾರೆ, ದೇವರಿಗೆ ಸ್ನಾನ ಮಾಡಿಸಿ ಬಿಸಿಲೇರುವ ಮೊದಲು ಗುಡಿಗೆ ಮರಳುತ್ತಾರೆ. ವರ್ಷ ವರ್ಷ ಈ ದಾರಿಯಲ್ಲಿ ಮಾಳುವೂ ಕುಣಿದಿದ್ದಾನೆ. ಅವ್ವ ಫಕೀರವ್ವ ಶುಕ್ರವಾರ ಫೋನು ಮಾಡಿ ದೇವರು ಹೊಳಿಗಿ ಹೊಂಟಾನ, ನೀ ಬರ್ತಿಯಿಲ್ಲೋ ಎಂದು ಕೇಳಿದ್ದಳು. ಐತವಾರ ಕೆಲಸ ಐತಿ ಎಂದು ರೇಗಿ ಫೋನಿಟ್ಟಿದ್ದ. ಕುರುಬರ ಮನೆಯಲ್ಲಿ ಹುಟ್ಟಿ, ಅಮವಾಸ್ಯೆಯ ಹಿಂದಿನ ದಿನ, ದೇವರ ದಾರಿಗೆ ಹತ್ತಿದ ದಾರಿಯಲ್ಲಿ ಹಳದಿ ಚೆಲ್ಲಿ, ಹಳದಿಯನ್ನು ನಂಬಿರಿ ಎಂದು ಊರವರಲ್ಲದ ಮಂದಿಗೆ ಹೇಳಿದ್ದ. ಯಾವ ಹಳದಿ ಎಂದು ಹೇಳಿರಲಿಲ್ಲ.

ದಾರಿ ಬಲ್ಲ ಮುಂದಿನವನ ಬೆನ್ನು ಹಿಡಿದು ಉಳಿದವರೆಲ್ಲ ಬಲಕ್ಕೆ ಹೋಗಿದ್ದರು. ಭಂಡಾರದ ಪಕ್ಕದಲ್ಲಿ ಮಾತ್ರ ಒಂದೇ ಒಂದು ಟೈರಿನ ಗುರುತು ಇಳಿದು ಹೋಗಿತ್ತು. ಮರಳಿ ಬಂದ ಗುರುತು ಇರಲಿಲ್ಲ.

ಆ ದಾರಿ ಎಲ್ಲಿ ಮುಗಿಯುತ್ತದೆ ಎಂದು ಅವನಿಗಿಂತ ಚೆನ್ನಾಗಿ ಬಲ್ಲವರಿಲ್ಲ. ಕೆಳಗೆ ಒಂದು ಹಾಸುಬಂಡೆ ಇದೆ. ದೇವರ ಸ್ನಾನ ಬಂಡೆಯ ಮೇಲೆ. ಅಲ್ಲಿಂದ ಮುಂದೆ ಯಾರೂ ಕಾಲಿಡುವುದಿಲ್ಲ. ಬಂಡೆಯ ಆಚೆಗಿನ ನೆಲ ನೋಡಲು ಅಂಗಳದಂತೆ ಸಪಾಟಾಗಿ, ಬಿರುಕು ಬಿಟ್ಟು ಒಣಗಿರುತ್ತದೆ. ಅದು ನೆಲವಲ್ಲ, ಹುದಲು. ವರ್ಷಗಟ್ಟಲೆ ಹೊಳೆ ತಂದು ಹಾಕಿದ ಹೂಳಿಗೆ ಮೇಲೊಂದು ಹಪ್ಪಳದಂಥ ಹೊದಿಕೆ. ಕುರಿ ಓಡಿದರೆ ದಾಟಿಬಿಡಬಹುದು, ನಿಂತರೆ ಮುಳುಗುತ್ತದೆ. ಮಾಳು ಹತ್ತು ವರ್ಷದವನಿದ್ದಾಗ ಅವರ ಮೂರು ಕುರಿ ಅಲ್ಲಿ ಸಿಕ್ಕವು. ಅಪ್ಪ ಕಂಬಳಿ ಹಾಸಿ ಅದರ ಮೇಲೆ ಬೋರಲಾಗಿ ತೆವಳಿ ಎರಡನ್ನು ಎಳೆದು ತಂದ. ಮೂರನೆಯದರ ಕಿವಿಗಳೆರಡೇ ಉಳಿದಾಗ ಅಪ್ಪನ ಅಂಗೈ ಬಂದು ಮಾಳುವಿನ ಕಣ್ಣು ಮುಚ್ಚಿತ್ತು. ಕಣ್ಣಷ್ಟೇ ಮುಚ್ಚಿತ್ತು, ಕಿವಿ ತೆರೆದೇ ಇದ್ದವು. ಅಂದಿನಿಂದ ಅವನು ಬಂಡೆಯಿಂದ ಆಚೆ ಒಂದು ಹೆಜ್ಜೆ ಇಟ್ಟವನಲ್ಲ.

ಸೈಕಲ್ ತಳ್ಳಿಕೊಂಡು ಇಳಿಜಾರಿನಲ್ಲಿ ಓಡಿದ. ಅರ್ಧ ದಾರಿಯಲ್ಲಿ ಹಟ್ಟಿಯ ಮುದುಕಿ ಯಲ್ಲಕ್ಕ ಹುಲ್ಲು ಕೊಯ್ಯುತ್ತ ಕೂತಿದ್ದಳು. ಹೆಲ್ಮೆಟ್ಟು ಹಾಕಿದ ಹೆಣ್ಣುಮಗಳೊಬ್ಬಳು ಸೈಕಲ್ ಮೇಲೆ ಕೆಳಗೆ ಹೋದದ್ದನ್ನು ಆಕೆ ನೋಡಿದ್ದಳು. ಆಮೇಲೆ ಯಾರೋ ಒದರಿದ್ದನ್ನೂ ಕೇಳಿದ್ದಳು.

"ದೇವರ ಮಂದಿ ಇನ್ನೂ ಹೊಳಿಯಾಗ ಅದಾರಂತ ಮಾಡಿದ್ನಿ ತಮ್ಮಾ. ದೇವರ ಮೈಮ್ಯಾಲ ಬಂದ್ರ ಹಂಗ ಒದರ್ತಾರಲ್ಲಾ," ಎಂದಳು. ಆಮೇಲೆ ಅವನ ಮುಖ ನೋಡಿ ಕುಡುಗೋಲು ಬಿಟ್ಟು ಎದ್ದಳು. "ಮ್ಯಾಲಿನ ಡ್ಯಾಮಿನಿಂದ ಮುಂಜಾನಿ ನೀರ ಬಿಟ್ಟಾರೋ ಯಪ್ಪಾ. ಹಾಸಬಂಡಿ ಅಂಚಿಗಿ ಬಂದೈತಿ."

ಬಂಡೆಯ ಮೇಲೆ ಭಂಡಾರ ಇನ್ನೂ ಹಸಿಯಾಗಿ ಹರಡಿತ್ತು. ಟೈರಿನ ಗುರುತು ಅದನ್ನು ಸೀಳಿಕೊಂಡು ನೇರ ಆಚೆ ಹೋಗಿತ್ತು. ಮಾಳು ಬಂಡೆಯ ತುದಿಯಲ್ಲಿ ನಿಂತು ಹೆಸರು ಹಿಡಿದು ಕೂಗಿದ. ಅವನದೇ ದನಿ ಅವನಿಗೆ ಗುರುತು ಸಿಗಲಿಲ್ಲ.

"ಮಾಳು, ಅಲ್ಲೇ ನಿಂದ್ರು. ಒಂದ ಹೆಜ್ಜಿನೂ ಮುಂದ ಇಡಬ್ಯಾಡ."

ಪಾಠ ಹೇಳುವ ದನಿ ಅದು, ಏರಿಳಿತ ಇಲ್ಲದ್ದು. ನಾಲ್ಕು ಮಾರು ದೂರ. ಮಂಜು ತುಸು ಸರಿದಾಗ ಮೊದಲು ಕಂಡದ್ದು ಕೆಂಪು ಹೆಲ್ಮೆಟ್ಟು, ಆಮೇಲೆ ಎರಡು ಕಡೆ ಚಾಚಿದ ಕೈಗಳು. ಸೊಂಟದ ಕೆಳಗೆ ಏನೂ ಇರಲಿಲ್ಲ. ಹೂಳಿನ ಮೇಲೆ ತೆಳ್ಳಗೆ ನೀರು ಹರಡಿ ಅವರ ಹೊಟ್ಟೆಯ ಸುತ್ತ ಸಣ್ಣಗೆ ಸುಳಿಯುತ್ತಿತ್ತು.

"ಎಷ್ಟೊತ್ತಾತ್ರಿ?" ಎಂದು ಕೇಳಿದ. ಬೇರೇನು ಕೇಳಬೇಕೋ ತಿಳಿಯಲಿಲ್ಲ.

"ತಾಸಿನ ಮ್ಯಾಲ ಆತು. ನಾ ಅಲುಗಾಡಿಲ್ಲ. ಅಲುಗಾಡಿದ್ರ ಒಳಗ ಎಳಿತೈತಿ. ವರ್ಷ ವರ್ಷಾ ಕಾಲೇಜ್ ಹುಡುಗೂರಿಗಿ ಇದನ್ನ ಹೇಳ್ತೇನಿ." ನಗಲು ನೋಡಿದರು, ಹಲ್ಲು ಕಟಕಟ ಎಂದವು. "ಎಡಗಾಲ ಪೆಡಲಿನಾಗ ಐತಿ ಮಾಳು. ಸೈಕಲ್ ನನ್ನ ಕೆಳಗ ಐತಿ. ಅದು ಇಳದಂಗ ನನ್ನೂ ಇಳಸ್ತೈತಿ."

ಮಾಳುವಿಗೆ ಅರ್ಥವಾಯಿತು. ಆ ಬೂಟಿನ ಅಡಿಗೆ ಒಂದು ಕಬ್ಬಿಣದ ಹಲ್ಲು ಇರುತ್ತದೆ, ಪೆಡಲಿಗೆ ಕಚ್ಚಿಕೊಂಡು ಕೂಡುತ್ತದೆ. ಬಿಡಿಸಬೇಕಾದರೆ ಹಿಮ್ಮಡಿಯನ್ನು ಹೊರಕ್ಕೆ ತಿರುವಬೇಕು. ಹೂಳು ಸುತ್ತಲೂ ಹಿಡಿದಿರುವಾಗ ಹಿಮ್ಮಡಿ ತಿರುಗುವುದೆಲ್ಲಿ? ಅಜಿತನ ಫೋನು ಬಿಜಿ ಇತ್ತು. ದೊಡ್ಡಪ್ಪನ ಫೋನು ರಿಂಗಾಗಿ ರಿಂಗಾಗಿ ನಿಂತಿತು. ಡೊಳ್ಳಿನ ಸದ್ದಿನಲ್ಲಿ ಯಾರಿಗೆ ಕೇಳಬೇಕು. ಹಟ್ಟಿಗೆ ಓಡಿ ಮಂದಿ ತರುವಷ್ಟು ಹೊತ್ತು ನೀರು ಕೊಡುವುದಿಲ್ಲ ಎಂದು ನೋಡಿದರೇ ತಿಳಿಯುತ್ತಿತ್ತು. ಅವನು ನೋಡುತ್ತಿದ್ದಂತೆಯೇ ಅದು ಮೇಡಮ್ಮಿನ ಜರ್ಸಿಯ ಬಿಳಿ ಪಟ್ಟಿಯನ್ನು ಮುಟ್ಟಿತು.

ಬಂಡೆಯ ಮೇಲಿನ ಹೊಲದಲ್ಲಿ ಕಬ್ಬು ಕಡಿದಾಗಿತ್ತು. ಒಣ ಗರಿ, ರವದಿ, ಮೊಣಕಾಲೆತ್ತರ ಬಿದ್ದಿತ್ತು. ಅವನೂ ಯಲ್ಲಕ್ಕನೂ ತೆಕ್ಕೆ ತೆಕ್ಕೆ ತಂದು ಹುದಲಿನ ಮೇಲೆ ಎಸೆದರು. ಮುದುಕಿ ಅಳುತ್ತಲೇ ಓಡಾಡಿದಳು, ಒಂದು ತೆಕ್ಕೆಯೂ ಕಡಿಮೆ ತರಲಿಲ್ಲ. ಹುಲ್ಲಿನ ಹೊರೆಯ ಹಗ್ಗದ ಒಂದು ತುದಿಯನ್ನು ಬಂಡೆಯ ಪಕ್ಕದ ಜಾಲಿ ಬುಡಕ್ಕೆ ಬಿಗಿದು, ಇನ್ನೊಂದು ತುದಿಯನ್ನು ಮಾಳು ಸೊಂಟಕ್ಕೆ ಕಟ್ಟಿಕೊಂಡ. ರವದಿಯ ಮೇಲೆ ತನ್ನ ಸೈಕಲ್ಲನ್ನು ಅಡ್ಡ ಮಲಗಿಸಿ ಮುಂದಕ್ಕೆ ನೂಕಿದ. ಅಂಗಡಿಯಲ್ಲಿ ಬೇಡವೆಂದು ಬಿಸಾಡಿದ ಸಾಮಾನುಗಳನ್ನು ಆರಿಸಿ, ಒಂದು ವರ್ಷ ಕೂತು ಕಟ್ಟಿದ ಸೈಕಲ್ಲು. ಅದರ ಮೇಲೆ ಬೋರಲಾಗಿ ಮಲಗಬೇಕಿತ್ತು.

ಮೈ ಮುಂದೆ ಹೋಗಲಿಲ್ಲ.

ಕೈ ಎರಡೂ ಬಂಡೆಯ ಅಂಚನ್ನು ಹಿಡಿದಿದ್ದವು. ಬಿಡಿಸಿಕೊಳ್ಳಲು ನೋಡಿದ, ಬೆರಳುಗಳು ಇನ್ನೊಬ್ಬರವು ಎಂಬಂತೆ ಕೇಳಲಿಲ್ಲ. ಕಿವಿಯಲ್ಲಿ ಹತ್ತು ವರ್ಷದ ಹಿಂದಿನ ಸದ್ದು ಶುರುವಾಗಿತ್ತು, ಬಾಯಿಗೆ ಕೆಸರು ಹೋಗುವಾಗ ಕುರಿ ಮಾಡುವ ಸದ್ದು.

"ಅಕ್ಕಾ, ನನಗ ಆಗವಲ್ದು," ಎಂದ. ಮೇಡಂ ಎನ್ನುವುದನ್ನು ಮರೆತಿದ್ದ. "ನನಗ ಭಾಳ ಹೆದರಿಕಿ ಆಗಾಕತ್ತೈತಿ."

ಆಕೆಯ ಮಾತಿನಲ್ಲಿ ಈಗ ಆ ಪಾಠದ ದನಿ ಇರಲಿಲ್ಲ.

"ನನಗೂ ಆಗಾಕತ್ತೈತೋ ತಮ್ಮಾ. ತಾಸಿನಿಂದ ಒಬ್ಬಾಕಿನ ಅಂಜಾಕತ್ತೇನಿ. ಅಂಜಕೋತನ ಬಾ."

ಹೇಗೆ ಇಳಿದನೋ ಅವನಿಗೆ ಆಮೇಲೂ ನೆನಪಾಗಲಿಲ್ಲ. ಎದೆಯ ಕೆಳಗೆ ಸೈಕಲ್ಲಿನ ಕಬ್ಬಿಣ ಇತ್ತು, ರವದಿ ಮುಖಕ್ಕೆ ಚುಚ್ಚುತ್ತಿತ್ತು, ಕೆಳಗಿನ ನೆಲ ಮಲಗಿದ ಎಮ್ಮೆಯ ಹೊಟ್ಟೆಯಂತೆ ಉಸಿರಾಡುತ್ತಿತ್ತು. ಒಂದು ಮಾರು, ಮತ್ತೊಂದು. ಮೇಡಮ್ಮಿನ ಕೈ ಸಿಕ್ಕಿತು. ಮಂಜಿನ ಗಡ್ಡೆಯಷ್ಟು ತಣ್ಣಗಿತ್ತು. ಸೊಂಟದ ಹಗ್ಗವನ್ನು ಬಿಚ್ಚಿ ಅವರ ಕಂಕುಳಲ್ಲಿ ಸುತ್ತಿ ಗಂಟು ಹಾಕಿದ. ಆ ಗಂಟಿನ ನಂತರ ಅವನನ್ನು ಹಿಡಿದಿರುವುದು ಏನೂ ಇರಲಿಲ್ಲ.

ಈಗ ಬೂಟು ಬಿಚ್ಚಬೇಕು. ಅವರ ತೊಡೆಯ ಗುಂಟ ಕೈ ಇಳಿಸಿದ. ಮೊಣಕೈ ಮುಳುಗಿತು, ತೋಳು ಮುಳುಗಿತು, ಮೊಣಕಾಲು ಸಿಕ್ಕಿತು, ಬೂಟು ಸಿಗಲಿಲ್ಲ. ಇನ್ನೊಂದು ಗೇಣು ಬೇಕಿತ್ತು. ಕೆನ್ನೆಯನ್ನು ಕೆಸರಿಗೆ ಇಟ್ಟ. ನೀರು ಒಂದು ಕಿವಿಯೊಳಗೆ ಹೊಕ್ಕಿತು. ಬಾಯಿಯ ಅರ್ಧ ಹೂಳಿನ ಕೆಳಗಿತ್ತು. ಉಸಿರು ಹಿಡಿದ. ಬೆರಳಿಗೆ ಪಟ್ಟಿ ಹತ್ತಿತು, ಆ ಅಂಟುಪಟ್ಟಿ, ಅಂಗಡಿಯಲ್ಲಿ ಅವನೇ ಸಾವಿರ ಸಲ ಹಾಕಿ ಬಿಚ್ಚಿ ತೋರಿಸುವಂಥದ್ದು. ಒಂದು ಬಿಚ್ಚಿದ. ಎರಡನೆಯದು ಜಾರಿತು. ಮತ್ತೆ ಹಿಡಿದ. ಯಾರೋ ಕೆಳಗಿನಿಂದ ತನ್ನ ಕೈಯನ್ನೂ ಹಿಡಿದು ಎಳೆಯುತ್ತಿದ್ದಾರೆ ಎನಿಸಿ ಕಿರುಚಲು ಬಾಯಿ ತೆರೆದ. ಬಾಯಿ ತುಂಬ ಕೆಸರು. ಆ ಕ್ಷಣಕ್ಕೆ ಪಟ್ಟಿ ಬಿಟ್ಟುಕೊಂಡಿತು.

ಯಲ್ಲಕ್ಕ ಹಗ್ಗ ಎಳೆದಳು. ಮೇಡಂ ಬೂಟಿನಿಂದ ಕಾಲು ಕಿತ್ತರು. ಹುದಲು ಬಿಡುವಾಗ ಮಾಡಿದ ಸದ್ದು, ದೊಡ್ಡದೊಂದು ಪ್ರಾಣಿ ಬಾಯಿ ಚಪ್ಪರಿಸಿದಂತೆ. ರವದಿಯ ಮೇಲೆ ಉರುಳಿ, ತೆವಳಿ, ಒಬ್ಬರನ್ನೊಬ್ಬರು ಜಗ್ಗುತ್ತ ಬಂಡೆಗೆ ಬಂದು ಬಿದ್ದರು. ಮಾಳು ಹೊರಳಿ ನೋಡಿದ. ಅವನ ಸೈಕಲ್ಲಿನ ಒಂದು ಗಾಲಿ ಮಾತ್ರ ಮೇಲಿತ್ತು. ಹಿಂದಿನಿಂದ ಬಂದ ಒಂದು ಸಣ್ಣ ಅಲೆ ಅದನ್ನೂ ತಿರುಗಿಸಿ ಮುಚ್ಚಿತು.

ಯಲ್ಲಕ್ಕ ತನ್ನ ಕಂಬಳಿ ತಂದು ಮೇಡಮ್ಮಿಗೆ ಹೊದಿಸಿ, ಅವರ ಅಂಗಾಲುಗಳನ್ನು ತನ್ನ ಮಡಿಲಲ್ಲಿಟ್ಟುಕೊಂಡು ತಿಕ್ಕತೊಡಗಿದಳು. ಮ್ಯಾಲಿನ ಕೇರಿಯವರು ನಾವು, ಮುಟ್ಟಿಸಿಕೊಳ್ಳಬಾರದು ಎಂದು ಹಟ್ಟಿಯಲ್ಲಿ ಯಾವಾಗಲೂ ಅನ್ನುತ್ತಿದ್ದ ಮುದುಕಿಗೆ ಈಗ ಇದು ಯಾವ ಕೇರಿಯವರ ಕಾಲು ಎಂದು ಕೇಳುವ ವ್ಯವಧಾನ ಇರಲಿಲ್ಲ.

"ನಿನ್ನ ಹಳದಿ ನೋಡೇ ಬಂದ್ನಿ ಮಾಳು, ಮಂಜಿನಾಗ ಹಾಸಬಂಡಿ ಮುಗದದ್ದ ಕಾಣಲಿಲ್ಲ," ಎಂದರು ಮೇಡಂ. ಆಪಾದನೆ ಇರಲಿಲ್ಲ, ಹೇಗಾಯಿತೆಂದು ತಮಗೇ ಹೇಳಿಕೊಂಡಂತಿತ್ತು.

ತಪ್ಪಿಸಿಕೊಳ್ಳಲು ಜಾಗ ಇತ್ತು. ಅದು ನನ್ನದಲ್ಲ, ಹಟ್ಟಿಯವರು ಚೆಲ್ಲಿದ್ದು ಎಂದರೆ ಮುಗಿಯುತ್ತಿತ್ತು, ಸುಳ್ಳೂ ಆಗುತ್ತಿರಲಿಲ್ಲ.

"ಇದು ನಮ್ಮ ದೇವರ ಭಂಡಾರ ರೀ. ಇವತ್ತ ಚೆಲ್ತಾರಂತ ನನಗ ಗೊತ್ತಿತ್ತು. ಗೊತ್ತಿದ್ದೂ ಅದ ಬಣ್ಣಾ ಹಾಕೀನಿ. ಎರಡೂ ನಮ್ಮವ ರೀ."

ಆಕೆ ಅವನನ್ನು ನೋಡಿದರು. ನೋಡುತ್ತಿದ್ದಂತೆಯೇ ಅವರ ಮುಖಕ್ಕೆ ಮರಳಿದ್ದ ಇಷ್ಟು ಬಣ್ಣವೂ ಇಳಿಯಿತು.

"ಎರಡನೇ ಮಂದಿ ಎಷ್ಟಕ್ಕ ಹೊಂಡ್ತಾರ?"

ಮಾಳು ಜೇಬಿಗೆ ಕೈ ಹಾಕಿದ. ಫೋನಿನಿಂದ ನೀರು ಸೋರಿತು. ಹೊತ್ತು ಎಷ್ಟಾಗಿದೆಯೋ ತಿಳಿಯದು, ಆದರೆ ಮಂಜಿನೊಳಗೆ ಬೆಳಕು ಹಾಲಿನಂತಾಗಿತ್ತು. ಎಂಟೂವರೆ ದಾಟಿ ಬಹಳ ಹೊತ್ತಾಗಿದೆ. ನಲವತ್ತು ಮಂದಿ. ಬಾಣ ಇಲ್ಲದ ಕವಲು. ಎಡಕ್ಕೆ ಹತ್ತು ಹತ್ತು ಹೆಜ್ಜೆಗೆ ಹಳದಿ. ಅಜಿತ ಅವರಿಗೂ ಅದನ್ನೇ ಹೇಳಿ ಕಳಿಸಿರುತ್ತಾನೆ. ಹಳದಿ ಕಂಡಲ್ಲಿ ಹೋಗ್ರಿ.

"ಓಡು," ಎಂದರು ಮೇಡಂ. "ಅದನ್ನೆಲ್ಲಾ ಕಾಲಿಲೆ ತಿಕ್ಕಿ ಅಳಸಿಬಿಡು."

ಓಡಿದ. ಬೂಟಿನ ತುಂಬ ಕೆಸರು, ಎರಡು ಸಲ ಮುಗ್ಗರಿಸಿ ಬಿದ್ದ. ಕವಲಿಗೆ ಬಂದಾಗ ಯಾರೂ ಇರಲಿಲ್ಲ. ಎಡದಾರಿಯ ಮೇಲೆ ಹೊಸ ಟೈರಿನ ಗುರುತೂ ಇರಲಿಲ್ಲ. ಆದರೆ ದೂರದಿಂದ, ಕಬ್ಬಿನ ಆಚೆಯಿಂದ, ಗರಸಿನ ಮೇಲೆ ಬಹಳ ಟೈರುಗಳು ಒಟ್ಟಿಗೆ ಉರುಳುವಾಗಿನ ಕರಕರ ಬರುತ್ತಿತ್ತು.

ಮೊದಲ ಹಿಡಿ ಭಂಡಾರದ ಮೇಲೆ ಕಾಲೆತ್ತಿದ. ಕಾಲು ಇಳಿಯಲಿಲ್ಲ. ಹುದಲಿನ ಅಂಚಿನಲ್ಲಿ ಕೈ ಹೇಗೆ ಅವನ ಮಾತು ಕೇಳಲಿಲ್ಲವೋ ಹಾಗೇ ಈಗ ಕಾಲು. ಭಂಡಾರವನ್ನು ತುಳಿದವನ ಮನೆತನ ಉಳಿಯುವುದಿಲ್ಲ ಎಂದು ಕೇಳುತ್ತ ಬೆಳೆದ ಕಾಲು ಅದು. ಕರಕರ ಹತ್ತಿರ ಬಂತು. ಒಂದು ಹೆಣ್ಣುಮಗಳ ನಗು ಕೇಳಿತು, ಯಾರೋ ಮಕ್ಕಳನ್ನು ಎಡಗಡೆ ಬರಬೇಡಿ, ಸಾಲಾಗಿ ಬನ್ನಿ ಎಂದು ಗದರುವುದು ಕೇಳಿತು.

ಮಾಳು ಮೊಣಕಾಲೂರಿ ಕೂತ. ಎರಡೂ ಅಂಗೈಯಿಂದ ಭಂಡಾರವನ್ನು ಮಣ್ಣಿನ ಸಮೇತ ಬಳಿದು ಎತ್ತಿ ಹಣೆಗೆ ಹಚ್ಚಿಕೊಂಡ. ಹಚ್ಚಿಕೊಳ್ಳುವುದಕ್ಕೆ ಯಾವ ದೇವರೂ ಬೇಡ ಅನ್ನುವುದಿಲ್ಲ. ಎರಡನೆಯದನ್ನು ಕೊರಳಿಗೆ, ಎದೆಗೆ. ಮೂರನೆಯದನ್ನು ತೋಳಿಗೆ. ಅಂಬೆಗಾಲಿನಲ್ಲಿ ಮುಂದೆ ಹೋಗುತ್ತ ಕೈಗೆ ಸಿಕ್ಕಷ್ಟನ್ನೂ ಬಳಿದು ಮೈಗೆ ಬಳಿದುಕೊಂಡ. ಕೆಸರಿನ ಮೈಗೆ ಅದು ಕಚ್ಚಿಕೊಂಡು ಕೂತಿತು. ಬಾಯಲ್ಲಿ ಏನೋ ಹೇಳುತ್ತಿದ್ದ. ದೇವರ ಹೆಸರೋ ಬೈಗುಳವೋ ಅವನಿಗೇ ತಿಳಿಯದು. ಕವಲಿನಿಂದ ಕಾಣುವಷ್ಟು ದಾರಿ ಬರೀ ಮಣ್ಣಾದಾಗ ಎದ್ದು ಬಂದು, ಎಡದಾರಿಗೆ ಬೆನ್ನು ಕೊಟ್ಟು, ಬಲಗೈಯನ್ನು ಏರಿಯ ಕಡೆ ಚಾಚಿ ನಿಂತ.

ಮಂಜಿನಿಂದ ಮೊದಲ ಸೈಕಲ್ ಹೊರಬಂತು. ಒಬ್ಬ ಹೆಣ್ಣುಮಗಳು. ಕೆಸರು ಹಳದಿ ಮೆತ್ತಿಕೊಂಡು ಕಣ್ಣು ಕಿಸಿದು ನಿಂತವನನ್ನು ಕಂಡು ಆಕೆ ಎರಡೂ ಬ್ರೇಕು ಒತ್ತಿದಳು. ಗರಸು ಎದ್ದು ಅವನ ಮೊಣಕಾಲಿಗೆ ಬಡಿಯಿತು. ಹಿಂದಿನವರು ಒಬ್ಬರಿಗೊಬ್ಬರು ತಾಗಿ ನಿಂತರು. ಇವನ್ಯಾರು, ಏನಾಯಿತು ಎಂದು ಯಾರೋ ಕೇಳಿದರು. ಮಾಳು ಬಾಯಲ್ಲಿನ ಕೆಸರು ಉಗುಳಿ ಏರಿಯ ಕಡೆ ಬೆರಳು ತೋರಿದ.

"ಈ ಕಡೆ ಹೋಗಬೇಕೇನ್ರಿ?" ಎಂದು ಆಕೆ ಅವನ ಕೈ ನೋಡಿ ಮೆಲ್ಲಗೆ ಕೇಳಿದಳು.

ತಲೆಯಾಡಿಸಿದ. ಆಕೆ ಅವನಿಂದ ದೂರ ಸರಿದುಕೊಂಡೇ ಹ್ಯಾಂಡಲ್ಲು ಬಲಕ್ಕೆ ತಿರುಗಿಸಿದಳು. ಅವಳ ಹಿಂದೆ ಇನ್ನೊಬ್ಬರು, ಮತ್ತೊಬ್ಬರು. ಮಾಳು ಚಾಚಿದ ಕೈ ಇಳಿಯದಂತೆ ಇನ್ನೊಂದು ಕೈಯಿಂದ ಎತ್ತಿ ಹಿಡಿದುಕೊಂಡ. ಮಂಜಿನೊಳಗಿಂದ ಟೈರುಗಳು ಇನ್ನೂ ಬರುತ್ತಿದ್ದವು.